ಬ್ಯಾಡ ಅಂದ್ರೂ ಬೇಜಾರಿಲ್ಲ

ಶಶಿಕಲಾ ಯಾರನ್ನು ಏನೇ ಕೇಳಲಿ, ಕೇಳಿದ ಬೆನ್ನಿಗೇ ಅವರು ತಪ್ಪಿಸಿಕೊಂಡು ಹೋಗಲು ಒಂದು ಓಣಿಯನ್ನೂ ಬಿಟ್ಟುಕೊಡುತ್ತಾಳೆ. ಬಸ್ಸಿನಲ್ಲಿ ಪಕ್ಕದವರನ್ನು "ಕಿಟಕಿ ಸ್ವಲ್ಪ ತೆಗೀಲಾ?" ಎಂದು ಕೇಳಿದರೆ, ಅವರು ತಲೆ ತಿರುಗಿಸುವ ಮೊದಲೇ "ಬ್ಯಾಡ ಅಂದ್ರೂ ಬೇಜಾರಿಲ್ಲ" ಎಂದು ಸೇರಿಸುತ್ತಾಳೆ. ಹೋಟೆಲಿನಲ್ಲಿ ಎದುರಿನ ಕುರ್ಚಿ ಖಾಲಿಯಿದ್ದಾಗಲೂ ಅದೇ ಬಾಲ, ತನ್ನ ಕಚೇರಿಯ ಬಾಗಿಲಲ್ಲೇ ನಿಂತು ಒಳಗೆ ಬರಲು ಅಪ್ಪಣೆ ಕೇಳುವಾಗಲೂ ಅದೇ ಬಾಲ. ಒಮ್ಮೆ ಹೆಬ್ಬೂರಿನ ಹತ್ತಿರ ಬಸ್ಸು ಕೆಟ್ಟು ನಿಂತಾಗ ಒಂದು ಮನೆಯ ಮುಂದೆ ಹೋಗಿ ಹೀಗೆಯೇ ನೀರು ಕೇಳಿದ್ದಕ್ಕೆ, ಆ ಮನೆಯ ಮುದುಕಿ "ನೀರ್ ಕೇಳ್ದೋರಿಗೆ ಇಲ್ಲ ಅನ್ನೋ ವಂಸ ಅಲ್ಲ ಕಣವ್ವ ನಮ್ದು" ಎಂದು ಮುನಿಸಿಕೊಂಡು, ಚೊಂಬನ್ನು ಜಗಲಿಯ ಮೇಲೆ ಕುಕ್ಕಿ ಒಳಗೆ ಹೋದಳಂತೆ. ಅಮೃತೂರಿನ ಖಾಸಗಿ ಬಸ್ಸಿನ ಕಂಡಕ್ಟರ್ ಆಕೆಯನ್ನು ಕಂಡರೆ ಸಾಕು, "ಟಿಕೆಟ್ ಕೊಡ್ಲಾ ಮೇಡಂ? ಬ್ಯಾಡ ಅಂದ್ರೂ ಬೇಜಾರಿಲ್ಲ, ಇಳಿಸ್ಬುಡ್ತೀನಿ ಅಷ್ಟೇ" ಎಂದು ಬಸ್ಸಿಗೆ ಬಸ್ಸೇ ನಗುವಂತೆ ಹೇಳುತ್ತಾನೆ. ಆಕೆಯೂ ನಗುತ್ತಾಳೆ, ನಗಲು ಅಪ್ಪಣೆ ಕೇಳಿದ ಹಾಗೆ ಮೊದಲು ಸುತ್ತ ನೋಡಿ, ಆಮೇಲೆ.

ಈ ಬಾಲ ಎಲ್ಲಿಂದ ಅಂಟಿತೆಂಬುದಕ್ಕೆ ಮೂರು ಊರಿನಲ್ಲಿ ಮೂರು ಕತೆಗಳಿವೆ. ತುಮಕೂರಿನವರು ಕೆಲಸದಿಂದ ಬಂದದ್ದು ಎನ್ನುತ್ತಾರೆ, ಗುಬ್ಬಿಯವರು ಅತ್ತೆಯ ಮನೆಯಿಂದ ಬಂದದ್ದು ಎನ್ನುತ್ತಾರೆ, ಕುಣಿಗಲ್ಲಿನವರು ಹುಟ್ಟುಗುಣ ಎನ್ನುತ್ತಾರೆ. ಆಕೆಯನ್ನೇ ಕೇಳಿದರೆ "ರೂಢಿ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾಳೆ.

ನಡಿಗೆಯೂ ಮಾತಿನ ಹಾಗೆಯೇ. ರಸ್ತೆಯ ತೀರ ಅಂಚಿನಲ್ಲಿ, ಇನ್ನೂ ಬಾರದ ಗಾಡಿಗೆ ಈಗಲೇ ದಾರಿ ಬಿಟ್ಟವಳಂತೆ ನಡೆಯುತ್ತಾಳೆ. ಬಡಕಲು ಮೈ, ನೀಳವಾದ ಕೈಗಳು, ಎಡ ಹೆಗಲಿನಲ್ಲಿ ಕಾಗದ ತುಂಬಿದ ಚೀಲ. ಆ ಭಾರಕ್ಕೆ ಹೆಗಲು ಒಂದು ಬೆರಳಷ್ಟು ಕೆಳಗಿಳಿದು ಅಲ್ಲೇ ನೆಲೆಯಾಗಿದೆ. ಚೀಲವಿಲ್ಲದ ದಿನವೂ ಮೇಲೇಳುವುದಿಲ್ಲ. ಇನ್ನು ಸ್ವೆಟರು. ಸುಡುವ ಬೇಸಿಗೆಯಲ್ಲೂ ಆಕೆ ಒಂದು ಕಂದು ಸ್ವೆಟರನ್ನು ತೋಳಿನ ಮೇಲೆ ಹಾಕಿಕೊಂಡೇ ಬರುತ್ತಾಳೆ. ಸಭೆ ನಡೆಯುವ ಕೋಣೆಯ ಏಸಿಯ ಗಾಳಿ ನೇರವಾಗಿ ಆಕೆಯ ಕುರ್ಚಿಗೇ ಬಡಿಯುತ್ತದೆ. ಕಡಿಮೆ ಮಾಡೋಣವೇ ಎಂದು ಯಾರೂ ಕೇಳಿಲ್ಲ, ಮಾಡಿ ಎಂದು ಆಕೆಯೂ ಹೇಳಿಲ್ಲ. ಸ್ವೆಟರಿನ ಗುಂಡಿಗಳು ಗಂಡಸರ ಉಡುಪಿನ ಹಾಗೆ ಬಲಗಡೆ ಇವೆ. ಅದು ತೀರಿಹೋದ ಗಂಡ ನಾಗಭೂಷಣನದು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಆಕೆಯ ಕೆಲಸವನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳುವುದೇ ಒಂದು ಕೆಲಸ. ಹೊಸ ಮಾತ್ರೆಯೊಂದು ಜನರ ಮೈಗೆ ಹಿಡಿಯುತ್ತದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಓದಿದವರು ಮನುಷ್ಯರ ಮೇಲೆಯೇ ಪರೀಕ್ಷೆ ಮಾಡಿ ನೋಡಬೇಕಾಗುತ್ತದೆ. ಹಾಗೆ ನೋಡುವ ಮುನ್ನ ಜನರಿಗೆ ವಿಷಯ ತಿಳಿಸಿದ್ದಾರೆಯೇ, ಅವರು ಮನಸಾರೆ ಒಪ್ಪಿದ್ದಾರೆಯೇ, ಒಲ್ಲೆ ಎಂದವರನ್ನು ಅವರ ಪಾಡಿಗೆ ಬಿಟ್ಟಿದ್ದಾರೆಯೇ ಎಂದು ವಿಚಾರಿಸಲು ಒಂದು ಸಮಿತಿ ಇರಬೇಕೆಂಬುದು ನಿಯಮ. ಕಾಗದದ ಮೇಲೆ ಅದು ನೈತಿಕ ಪರಿಶೀಲನಾ ಸಮಿತಿ. ಆಡುವ ಮಾತಿನಲ್ಲಿ ಎಥಿಕ್ಸ್ ಕಮಿಟಿ.

ಮೊದಲು ತುಮಕೂರಿನ ಒಂದು ವೈದ್ಯಕೀಯ ಕಾಲೇಜಿಗೊಂದು, ಗುಬ್ಬಿಯ ನರ್ಸಿಂಗ್ ಕಾಲೇಜಿಗೊಂದು, ಕುಣಿಗಲ್ಲಿನ ಆಸ್ಪತ್ರೆಗೊಂದು ಬೇರೆ ಬೇರೆ ಸಮಿತಿಗಳಿದ್ದವು. ಒಂದೇ ಸಂಶೋಧನೆ ಮೂರು ಕಡೆ ನಡೆಯುವುದಾದರೆ ಮೂರೂ ಕಡೆ ಅಪ್ಪಣೆ ಬೇಕು. ತುಮಕೂರಿನವರು ಸರಿ ಎಂದದ್ದನ್ನು ಗುಬ್ಬಿಯವರು ತಿದ್ದಿಸುವರು. ಗುಬ್ಬಿಯವರು ತಿದ್ದಿಸಿದ್ದನ್ನು ಕುಣಿಗಲ್ಲಿನವರು ಮತ್ತೆ ಮೊದಲಿನಂತೆ ಮಾಡಿಸುವರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ವರ್ಷ ಕಳೆದುಹೋಗುತ್ತಿತ್ತು. ಕಡೆಗೆ ಮೂವರೂ ಕೂಡಿ ಒಂದೇ ಜಂಟಿ ಸಮಿತಿ ಮಾಡಿಕೊಂಡು, ಅದನ್ನು ನಡೆಸಿಕೊಂಡು ಹೋಗಲು ಶಶಿಕಲಾಳನ್ನು ನೇಮಿಸಿದರು. ನಿವೃತ್ತ ಪ್ರಾಂಶುಪಾಲ ಪ್ರಭುದೇವ ಅಧ್ಯಕ್ಷರು. ಉಳಿದವರು ವೈದ್ಯರು, ಒಬ್ಬ ವಕೀಲರು. ಡಾಕ್ಟರೂ ಅಲ್ಲದ ಮೇಷ್ಟ್ರೂ ಅಲ್ಲದ ಒಬ್ಬ ಸಾಮಾನ್ಯ ಮನುಷ್ಯನೂ ಇಂಥ ಸಮಿತಿಯಲ್ಲಿ ಇರಲೇಬೇಕಂತೆ. ಆ ಕುರ್ಚಿಯಲ್ಲಿ ನನ್ನನ್ನು ಕೂರಿಸಿದ್ದಾರೆ. ಏಳನೆಯ ತರಗತಿಗೆ ಶಾಲೆ ಬಿಟ್ಟು, ಆಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿಕೊಂಡು ಬಂದ ನನಗೆ ಆ ಕುರ್ಚಿ ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಅಲ್ಲಿ ಕೂತದ್ದರಿಂದ ಶಶಿಕಲಾಳನ್ನು ಹತ್ತಿರದಿಂದ ಕಾಣುವಂತಾಯಿತು, ಅದು ಲಾಭ.

ಮೂರು ಸಂಸ್ಥೆಗಳಿಗೆ ಸೇರಿದವಳಾದ್ದರಿಂದ ಮೂರು ಮನೆಯ ಮಗಳು ಎಂದುಕೊಂಡರೆ ತಪ್ಪು. ತುಮಕೂರಿನಲ್ಲಿ ಆಕೆಯ ಮೇಜು ಲೈಬ್ರರಿಯ ಹಿಂದಿನ ಮೂಲೆಯಲ್ಲಿದೆ. ಕುಣಿಗಲ್ಲಿನಲ್ಲಿ ಲಸಿಕೆಯ ಫ್ರಿಜ್ಜಿನ ಪಕ್ಕದಲ್ಲಿದೆ. ಫ್ರಿಜ್ಜಿನ ಬಾಗಿಲು ತೆಗೆದಾಗಲೆಲ್ಲ ಆಕೆ ಎದ್ದು ನಿಲ್ಲಬೇಕು. ಗುಬ್ಬಿಯಲ್ಲಿ ಮಾತ್ರ ಆಕೆಗೆಂದು ಒಂದು ಕೋಣೆ ಕೊಟ್ಟರು. ಆದರೆ ಹುಡುಗಿಯರು ಸೂಜಿ ಚುಚ್ಚುವುದನ್ನು ಕಲಿಯುವ ರಬ್ಬರಿನ ಗೊಂಬೆಗಳನ್ನು ಇಡುವುದೂ ಅದೇ ಕೋಣೆ. ಬುಧವಾರ ಹೋಗಿ ಬಾಗಿಲು ತೆಗೆದರೆ ಆಕೆಯ ಕುರ್ಚಿಯಲ್ಲಿ ಒಂದು ಕೈಯಿಲ್ಲದ ಗೊಂಬೆ ಕಣ್ಣು ಬಿಟ್ಟುಕೊಂಡು ಕೂತಿರುತ್ತದೆ. ಅದನ್ನು ಎತ್ತಿ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ, ಕುರ್ಚಿ ಒರೆಸಿಕೊಂಡು ಕೂರುತ್ತಾಳೆ. ಎತ್ತುವ ಮೊದಲು ಗೊಂಬೆಯನ್ನೂ ಕೇಳುತ್ತಾಳೆ ಎಂದು ಅಲ್ಲಿನ ಹುಡುಗಿಯರು ಆಡಿಕೊಳ್ಳುತ್ತಾರೆ. ಕೇಳಿದ್ದರೂ ಆಶ್ಚರ್ಯವಿಲ್ಲ.

ನಮ್ಮ ಕಡೆಯ ಕೆರೆಗಳಿಗೆ ನೀರಗಂಟಿ ಎಂಬವನೊಬ್ಬನಿರುತ್ತಿದ್ದ. ತೂಬು ಎತ್ತಿ, ಕೆಳಗಿನ ಊರುಗಳ ಗದ್ದೆಗೆಲ್ಲ ನೀರು ಹಂಚುವುದು ಅವನ ಕೆಲಸ. ನಮ್ಮ ಕೆರೆಯ ನೀರಗಂಟಿಗೆ ಆ ಕೆರೆಯ ಕೆಳಗೆ ಒಂದು ಗುಂಟೆ ಗದ್ದೆಯೂ ಇರಬಾರದೆಂದು ಹಿರಿಯರು ಕಟ್ಟು ಮಾಡಿದ್ದರು. ಇದ್ದರೆ ನೀರು ಆ ಕಡೆ ವಾಲುತ್ತದೆ. ನೀರು ಸಿಕ್ಕವರು ತಮ್ಮ ಪುಣ್ಯ ಎನ್ನುವರು, ಸಿಗದವರು ಅವನನ್ನು ಬಯ್ಯುವರು. ಏರಿಯ ಮೇಲೆ ನಡೆಯುವ ಅವನಿಗೆ ಒಂದು ಕಡೆ ಕೆರೆ, ಒಂದು ಕಡೆ ಹಸಿರು. ಎರಡೂ ಕಾಣುತ್ತಿದ್ದವು, ಎರಡೂ ಅವನದಾಗಿರಲಿಲ್ಲ. ಶಶಿಕಲಾ ಚೀಲ ಹೊತ್ತು ಬಸ್ಸಿನಿಂದ ಇಳಿಯುವುದನ್ನು ಕಂಡಾಗಲೆಲ್ಲ ನನಗೆ ಆ ಏರಿಯ ಮೇಲಿನ ನಡಿಗೆಯೇ ನೆನಪಾಗುತ್ತದೆ.

ಸಂಶೋಧನೆ ಮಾಡುವವರಿಗೆ ಆಕೆ ಅಡ್ಡಗಾಲು, ಆಡಳಿತದವರಿಗೆ ಪಕ್ಕದ ಸಂಸ್ಥೆಯ ನೌಕರಳು. ಫೋನು ಮಾಡಿದವರು "ಇನ್ನೂ ಆಗ್ಲಿಲ್ವಾ ಮೇಡಂ?" ಎಂದೇ ಮಾತು ತೆಗೆಯುತ್ತಾರೆ, "ಊಟ ಆಯ್ತಾ?" ಎಂದು ಕೇಳಿದವರನ್ನು ನಾನು ಕಾಣೆ. ಕ್ಯಾತ್ಸಂದ್ರದಲ್ಲಿ ಒಂದು ಮಾಳಿಗೆಯ ಮೇಲಿನ ಎರಡು ಕೋಣೆ ಆಕೆಯ ಮನೆ. ಭಾನುವಾರ ಬೆಳಗ್ಗೆ ಹೈವೇ ಬದಿಯ ಹೋಟೆಲಿನಿಂದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದು, ಎದುರು ಹಾಸ್ಟೆಲಿನ ಹುಡುಗರ ಬಟ್ಟೆಗಳು ತಂತಿಯ ಮೇಲೆ ಒಣಗುವುದನ್ನು ನೋಡುತ್ತ ತಿನ್ನುತ್ತಾಳೆ. ಬಟ್ಟೆಗಳನ್ನು ನೋಡಿಯೇ ಯಾವ ಹುಡುಗ ಊರಿಗೆ ಹೋಗಿದ್ದಾನೆ, ಯಾವನು ಬಂದಿದ್ದಾನೆ ಎಂದು ಹೇಳಬಲ್ಲಳು. ಅವರಲ್ಲಿ ಒಬ್ಬನ ಹೆಸರೂ ಆಕೆಗೆ ಗೊತ್ತಿಲ್ಲ.

ಇಂಥವಳಿಗೆ ಒಬ್ಬಳು ಗೆಳತಿಯಿದ್ದಳು. ಗುಬ್ಬಿಯ ಕಾಲೇಜಿನಲ್ಲಿ ಪಾಠ ಮಾಡುವ ಸಂಧ್ಯಾ. ನಿಟ್ಟೂರಿನ ಕಡೆಯವಳು, ದುಂಡು ಮುಖ, ದೊಡ್ಡ ದನಿ. ಮೂರು ಊರಿನಲ್ಲಿ ಶಶಿಕಲಾಳನ್ನು "ಶಶಿ" ಎಂದು ಕರೆಯುವವಳು ಅವಳೊಬ್ಬಳೇ. ಬುಧವಾರ ಬುಧವಾರ ಕಾಲೇಜಿನ ಕ್ಯಾಂಟೀನಿನಲ್ಲಿ ಕಿಟಕಿಯ ಪಕ್ಕದ ಮೇಜಿಗೆ ಇಬ್ಬರೂ ಡಬ್ಬಿ ಬಿಚ್ಚುತ್ತಿದ್ದರು. ಸಂಧ್ಯಾಳ ಡಬ್ಬಿಯಲ್ಲಿ ಹುರುಳಿಕಾಳಿನ ಪಲ್ಯವಿದ್ದರೆ ಶಶಿಕಲಾ ಕೇಳದೆಯೇ ಚಮಚ ಹಾಕುತ್ತಿದ್ದಳು. "ನಿಮ್ಮನೇಲಿ ಏನೂ ಬೇಯ್ಸಲ್ವೇನೇ, ನನ್ ಡಬ್ಬಿ ಮೇಲೇ ನಿನ್ ಕಣ್ಣು" ಎಂದು ಸಂಧ್ಯಾ ರೇಗಿದರೆ, "ಉಪ್ಪಿನಕಾಯಿ ಇತ್ಲಾಗ್ ತಳ್ಳೆ" ಎನ್ನುತ್ತಿದ್ದಳು ಆಕೆ. ಅಷ್ಟೇ, ಬಾಲವಿಲ್ಲ. ಶಶಿಕಲಾಳ ಬಾಯಿಂದ ಬಾಲವಿಲ್ಲದ ಮಾತು ಮೊದಲ ಸಲ ಕೇಳಿದ ದಿನ, ಪರವಾಗಿಲ್ಲ, ಈಕೆಗೂ ಒಬ್ಬರಿದ್ದಾರೆ ಎಂದುಕೊಂಡೆ.

ಸಂಧ್ಯಾಳ ಡಾಕ್ಟರೇಟು ಬಹಳ ವರ್ಷಗಳಿಂದ ಎಳೆದುಕೊಂಡೇ ಬಂದಿತ್ತು. ಅವಳ ಹಿಂದೆ ಬಂದವರೆಲ್ಲ ಹೆಸರಿನ ಮುಂದೆ ಡಾಕ್ಟರ್ ಎಂದು ಹಾಕಿಕೊಂಡು ಅವಳ ಮೇಲಿನ ಕುರ್ಚಿಗಳಲ್ಲಿ ಕೂತಿದ್ದರು. ವಿಶ್ವವಿದ್ಯಾಲಯದ ಕಡೆಯ ಗಡುವು ಬರುವ ಬೇಸಿಗೆಗೆ ಮುಗಿಯುತ್ತಿತ್ತು. ಮುಗಿದರೆ ಅಷ್ಟೂ ವರ್ಷದ ದುಡಿಮೆ ನೀರಿನಲ್ಲಿ ಹೋಮ. ಅವಳ ಸಂಶೋಧನೆ ಹಳ್ಳಿಯ ಹೆಂಗಸರ ರಕ್ತಹೀನತೆಯದು. ಹೊಸ ಬಗೆಯ ಕಬ್ಬಿಣದ ಮಾತ್ರೆಯನ್ನು ಹೆಂಗಸರು ಕೆಲವು ತಿಂಗಳು ತೆಗೆದುಕೊಳ್ಳಬೇಕು, ಮೊದಲೂ ಕೊನೆಗೂ ರಕ್ತ ಪರೀಕ್ಷೆ. ತುಮಕೂರಿನ ಸುತ್ತ, ಕುಣಿಗಲ್ಲಿಗೆ ಸೇರಿದ ಅಮೃತೂರಿನ ಕಡೆ, ಗುಬ್ಬಿಗೆ ಸೇರಿದ ನಿಟ್ಟೂರಿನ ಕಡೆ, ಮೂರು ಕಡೆಯೂ ನಡೆಯಬೇಕಾದ್ದರಿಂದ ನಮ್ಮ ಜಂಟಿ ಸಮಿತಿಯೇ ಅದಕ್ಕೆ ಅಪ್ಪಣೆ ಕೊಟ್ಟಿತ್ತು.

ಕೆಲಸ ಮುಕ್ಕಾಲು ಮುಗಿದಿದ್ದ ಒಂದು ಬುಧವಾರ ಸಂಧ್ಯಾ ಊಟದ ಮಧ್ಯೆ ಸಂತೋಷವಾಗಿ ಹೇಳಿದಳು: "ನಿಟ್ಟೂರ್ ಕಡೆ ಹಳ್ಳೀಲಿ ಒಬ್ರೂ ಬ್ಯಾಡ ಅನ್ನಲಿಲ್ಲ ಕಣೆ ಶಶಿ. ಅಮೃತೂರಿನ ಕಡೆ ನೋಡು, ಅರ್ಧಕ್ಕರ್ಧ ಜನ ಬ್ಯಾಡ ಅಂತ ಕೈಯಾಡಿಸ್ಬಿಟ್ರು."

"ಒಬ್ರೂನಾ?"

"ಒಬ್ರೂ ಇಲ್ಲ. ಕರೆಯೋ ಥರ ಕರೀಬೇಕು. ನಮ್ಮ ಹುಡುಗೀರ ಕೈಗೆ ಅರಿಶಿನ ಕುಂಕುಮದ ತಟ್ಟೆ ಕೊಟ್ಟು ಮನೆ ಮನೆಗೆ ಕಳಿಸ್ದೆ. ಹೆಣ್ಮಕ್ಕಳನ್ನ ಮರ್ಯಾದೆಯಾಗಿ ಕರೆದ್ರೆ ಯಾಕೆ ಬರಲ್ಲ?"

ಶಶಿಕಲಾಳ ಚಮಚ ಪಲ್ಯದ ಮೇಲೆಯೇ ನಿಂತಿತು. ನಮ್ಮ ಕಡೆ ಮುತ್ತೈದೆಯನ್ನು ಅರಿಶಿನ ಕುಂಕುಮ ಕೊಟ್ಟು ಕರೆದರೆ ಬರುವುದಿಲ್ಲ ಎನ್ನುವ ಹಾಗಿಲ್ಲ. ಕುಂಕುಮಕ್ಕೆ ಒಲ್ಲೆ ಎಂದರೆ ಗಂಡನ ಆಯುಸ್ಸಿಗೇ ಒಲ್ಲೆ ಎಂದಂತೆ. ಮನೆಯಲ್ಲಿ ಹಾಲು ಉಕ್ಕುತ್ತಿರಲಿ, ಕೂಸು ಅಳುತ್ತಿರಲಿ, ಹೋಗಿ ತಲೆ ತೋರಿಸಿಯಾದರೂ ಬರಬೇಕು. ಸಂಧ್ಯಾ ಮೋಸ ಮಾಡಬೇಕೆಂದು ಮಾಡಿದ್ದಲ್ಲ. ತನ್ನ ತಾಯಿ ಊರ ಹೆಂಗಸರನ್ನು ಹೇಗೆ ಕರೆಯುತ್ತಿದ್ದಳೋ ಹಾಗೆಯೇ ಕರೆಸಿದ್ದಳು. ಹೊರಗಿನಿಂದ ಬಂದವರಿಗೆ ಇಂಥ ತಪ್ಪು ಮಾಡಲು ಬರುತ್ತಲೇ ಇರಲಿಲ್ಲ. ಅದಕ್ಕೆ ಇಲ್ಲೇ ಹುಟ್ಟಿರಬೇಕು.

"ನಾನೊಂದ್ಸಲ ಆ ಊರಿಗೆ ಹೋಗ್ಬರ್ತೀನಿ" ಎಂದಳು ಶಶಿಕಲಾ.

"ಹೋಗೇ. ಎಳನೀರು ಕುಡ್ಕೊಂಡ್ ಬಾ ನಮ್ಮೂರ್ ಕಡೆ" ಎಂದು ಸಂಧ್ಯಾ ಡಬ್ಬಿ ಮುಚ್ಚಿದಳು.

ಹಾಗೆ 'ನೋಡಿ ಬರುವ' ಕೆಲಸಕ್ಕೆ ಇಬ್ಬರು ಹೋಗಬೇಕೆಂದು ಸಮಿತಿಯ ಕಟ್ಟಳೆ. "ಯಜಮಾನ್ರೇ, ನಿಟ್ಟೂರಿಗೆ ಬರ್ತೀರಾ? ಬ್ಯಾಡ ಅಂದ್ರೂ ಬೇಜಾರಿಲ್ಲ" ಎಂದು ಆಕೆ ಫೋನು ಮಾಡಿದಳು. ರೈಲಿನಲ್ಲಿ ಹೋಗಿ ಇಳಿದು, ಆಟೋ ಹಿಡಿದು, ಬೆಳಗಿನ ಹೊತ್ತಿಗೆ ಆ ಹಳ್ಳಿ ಸೇರಿದೆವು. ರಂಗಲಕ್ಷ್ಮಮ್ಮ ಎಂಬ ಗಟ್ಟಿಮುಟ್ಟಾದ ಹೆಂಗಸಿನ ಮನೆ. ನನಗೆ ಜಗಲಿಯ ಮೇಲೆ ಚಾಪೆ ಬಿತ್ತು. ಹೆಂಗಸರಿಬ್ಬರೂ ಬಾಗಿಲ ಒಳಗೆ ಕೂತರು. ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದದ್ದಕ್ಕೆ ಮೊದಲು "ದಿನಾ ತಗಂತೀನಿ" ಎಂದಳು. ಆಮೇಲೆ ದನಿ ತಗ್ಗಿಸಿ ನಕ್ಕಳು.

"ದಿಟ ಹೇಳ್ಬುಡ್ಲಾ? ಬೈಯಂಗಿಲ್ಲ. ನಂಗೆ ಕಬ್ಬಿಣದ ಮಾತ್ರೆ ಆಗಾಕಿಲ್ಲ ಕಣವ್ವ. ಎರಡು ಬಸುರ್ನಾಗೂ ಹೊಟ್ಟೆ ಉರ್ಕಂಡು ಸತ್ತೋಗಿವ್ನಿ. ಆ ನುಗ್ಗೆಮರದ ಬುಡಕ್ಕೆ ಹಾಕ್ಬುಡ್ತೀನಿ. ನೋಡು, ಮರಕ್ಕೆ ಹೆಂಗ್ ರಕ್ತ ತುಂಬ್ಕಂಡೈತೆ."

"ಬರಲ್ಲ ಅಂತ ಮೊದಲೇ ಹೇಳಬಹುದಿತ್ತಲ್ಲ ಅಕ್ಕ?"

"ಅದೆಂಗಾಯ್ತದೆ? ಆ ಮಗ ತಟ್ಟೆ ಹಿಡ್ಕಂಡು ಹೊಸಿಲ್ ಮುಂದೆ ನಿಂತವ್ಳೆ. ಕುಂಕುಮ ಇಟ್ಕಂಡ್ ಮ್ಯಾಲೆ ಬರಾಕಿಲ್ಲ ಅಂತ ಯಾವ್ ಬಾಯ್ನಾಗ್ ಹೇಳಾನ? ನನ್ ಗಂಡ ಚೆಂದಾಗಿರಾದ್ ಬ್ಯಾಡ್ವಾ?"

ಹೊರಡುವಾಗ ರಂಗಲಕ್ಷ್ಮಮ್ಮ ರೂಢಿಯಂತೆ ಕುಂಕುಮದ ಬಟ್ಟಲು ತರಲು ಎದ್ದಳು. ಎದ್ದವಳು ಶಶಿಕಲಾಳ ಕೊರಳನ್ನು ನೋಡಿ, ಗೂಡಿನ ಹತ್ತಿರ ಕೈ ಚಾಚಿದವಳು ಹಾಗೆಯೇ ನಿಂತುಬಿಟ್ಟಳು. ಕೊಡುವುದು ಸರಿಯಲ್ಲ, ಕೊಡದೆ ಕಳಿಸುವುದೂ ಸರಿಯಲ್ಲ. "ನೀರ್ ಕೊಟ್ರಲ್ಲ ಅಕ್ಕ, ಅಷ್ಟು ಸಾಕು" ಎಂದು ಶಶಿಕಲಾಳೇ ಅವಳನ್ನು ಆ ಇಕ್ಕಟ್ಟಿನಿಂದ ಬಿಡಿಸಿದಳು.

ಪಕ್ಕದ ಜಗಲಿಯಲ್ಲಿ ದೊಡ್ಡಗಂಗಮ್ಮ ಎಂಬ ಹೆಂಗಸು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತ ಕೂತಿದ್ದಳು. ಬರಿ ಹಣೆ, ಬಿಳಿಚಿಕೊಂಡ ಮುಖ. ನಾಲ್ಕು ಪೆಟ್ಟು ಹಾಕುವುದು, ನಿಲ್ಲಿಸಿ ಉಸಿರು ತೆಗೆದುಕೊಳ್ಳುವುದು. ನಾವು ಯಾರೆಂದು ತಿಳಿದದ್ದೇ ತಾನಾಗಿ ಕೇಳಿದಳು.

"ನನ್ ಯಾಕವ್ವ ಕರೀನಿಲ್ಲ? ಎದ್ರೆ ಕಣ್ ಕತ್ಲೆ ಕಟ್ತದೆ. ರಕ್ತ ಇಲ್ದೋರ್ನ ಹುಡುಕ್ಕಂಡ್ ಬಂದವ್ರೆ ಅಂದ್ರು. ಈ ಬೀದ್ಯಾಗೆಲ್ಲ ಹೋದ್ರು, ನನ್ ಬಾಗ್ಲ ಮಾತ್ರ ದಾಟ್ಕಂಡ್ ಹೋದ್ರು." ಹೇಳಿ, ಶಶಿಕಲಾಳನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, ಮತ್ತೆ ಸುತ್ತಿಗೆ ಎತ್ತಿಕೊಂಡಳು. "ಬುಡು. ಕುಂಕುಮದ ತಟ್ಟೆ ನಮ್ ಬಾಗ್ಲಿಗೆ ಯಾಕ್ ಬತ್ತದೆ. ನಿಂಗೂ ಗೊತ್ತಲ್ಲವ್ವ."

ಮಾತ್ರೆ ಬೇಡವಾದವರು ಬಂದಿದ್ದರು, ಬೇಕಾದವರನ್ನು ಕರೆದಿರಲಿಲ್ಲ. ನಿಟ್ಟೂರಿನ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ರೈಲಿಗೆ ಕಾಯುತ್ತ ಆಕೆ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ, "ಸಂಧ್ಯಾ ಊಟಕ್ಕೆ ಕೂತಾಗ ಹೇಳಿದ್ದು ಯಜಮಾನ್ರೇ. ಶಶಿಗೆ ಹೇಳಿದ್ದು, ಕಮಿಟಿಗಲ್ಲ" ಎಂದಳು. ಏರಿಯ ಮೇಲೆ ನಡೆಯುವವನಿಗೆ ದಡದವರ ಬುದ್ಧಿವಾದ ಹಿಡಿಸುವುದಿಲ್ಲ. ಗುಬ್ಬಿ ಬಂತು, ದಾಟಿತು. ಆಕೆ ಕಿಟಕಿಯಿಂದ ಆಚೆ ನೋಡುತ್ತಲೇ ಇದ್ದಳು.

ಮುಂದಿನ ಬುಧವಾರ ಆಕೆ ಸಂಧ್ಯಾಳ ಮುಂದೆಯೇ ಎಲ್ಲವನ್ನೂ ಇಟ್ಟಳಂತೆ. ಆ ಮಾತುಗಳನ್ನು ನನಗೆ ಹೇಳಿದ್ದು ಶಶಿಕಲಾಳೇ, ಬಹಳ ದಿನಗಳ ಮೇಲೆ, ಯಾವ ಬಣ್ಣವನ್ನೂ ಹಚ್ಚದೆ.

"ನೀನೇ ಸಮಿತಿಗೆ ಹೇಳ್ಬಿಡು ಸಂಧ್ಯಾ. ನಾನು ತಂದ್ರೆ ಅದು ದೂರು. ನೀನು ತಂದ್ರೆ ತಿದ್ದುಪಡಿ."

"ತಿದ್ದೋಷ್ಟ್ರಲ್ಲಿ ಗಡುವು ಮುಗಿಯುತ್ತೆ ಕಣೆ. ಮತ್ತೆ ಮೊದಲಿಂದ ಕೇಳ್ಕೊಂಡ್ ಬಾ ಅಂತಾರೆ ಅವರು. ನೀನು ಸುಮ್ನಿದ್ರೆ ಯಾರಿಗೆ ಗೊತ್ತಾಗುತ್ತೆ?"

"ಆಕೆ ಮಾತ್ರೇನ ಮರದ ಬುಡಕ್ಕೆ ಹಾಕ್ತಾ ಇದಾಳೆ. ನಿನ್ನ ಲೆಕ್ಕಾನೂ ಸುಳ್ಳಾಗುತ್ತೆ."

"ಒಬ್ಬಳು ಹಾಕಿದ್ರೆ ಆಕಾಶ ಬೀಳಲ್ಲ. ಇಷ್ಟು ವರ್ಷ ನನ್ ಡಬ್ಬೀಲಿ ಕೈ ಹಾಕಿದೀಯ ಶಶಿ. ನನಗೋಸ್ಕರ ಒಂದ್ ಮಾತು ನುಂಗ್ಕೊಳ್ಳೋಕ್ಕಾಗಲ್ವಾ?"

ಗೆಳತಿಯನ್ನು ಉಳಿಸಿಕೊಳ್ಳಲು ಆಕೆ ಮಾಡಬೇಕಾದದ್ದು ಅಷ್ಟೇ ಇತ್ತು: ಬಾಯಿ ಮುಚ್ಚಿಕೊಂಡಿರುವುದು. ಆಕೆಯನ್ನು ಶಶಿ ಎನ್ನುವ ಒಂದೇ ದನಿ, ವಾರಕ್ಕೆ ಒಂದು ಊಟ, ಎರಡೂ ಆ ತಕ್ಕಡಿಯಲ್ಲಿದ್ದವು. ಇನ್ನೊಂದು ತಟ್ಟೆಯಲ್ಲಿ ಇದ್ದದ್ದು ನುಗ್ಗೆಮರದ ರಂಗಲಕ್ಷ್ಮಮ್ಮ, ಹುಣಸೆಹಣ್ಣಿನ ದೊಡ್ಡಗಂಗಮ್ಮ. ಒಂದು ಬೆಳಗಿನ ಪರಿಚಯದವರು.

ಸಮಿತಿಯ ಸಭೆ ಸೇರಿದ ದಿನ ಶಶಿಕಲಾ ತಾನು ಕಂಡದ್ದನ್ನು ನಿಂತುಕೊಂಡು ಹೇಳಿದಳು. ನಾನೂ ಕಂಡದ್ದನ್ನು ಹೇಳಿದೆ. ಆಮೇಲೆ ಆಕೆ, "ಸಂಧ್ಯಾ ನನ್ನ ಸ್ನೇಹಿತೆ. ನೀವು ತೀರ್ಮಾನ ಮಾಡುವಾಗ ನಾನಿಲ್ಲಿರಬಾರದು" ಎಂದು ಎದ್ದು ಹೊರಗೆ ಹೋದಳು. ಅದೂ ನಿಯಮವೇ, ಆದರೆ ಡಾಕ್ಟರುಗಳು ಯಾರೂ ಅದನ್ನು ಪಾಲಿಸಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಪಡಸಾಲೆಯಲ್ಲಿ ಇರುವುದು ಒಂದೇ ಬೆಂಚು. ಒಳಗೆ ಕರೆಯುವ ತನಕ ಸಂಧ್ಯಾ ಕಾಯುತ್ತ ಕೂತಿದ್ದದ್ದೂ ಅದರ ಮೇಲೆಯೇ. ಬಾಗಿಲ ಗಾಜಿನಲ್ಲಿ ಇಬ್ಬರ ಬೆನ್ನು ಕಾಣುತ್ತಿತ್ತು, ನಡುವೆ ಇಬ್ಬರು ಕೂರುವಷ್ಟು ಜಾಗ.

ಪ್ರಭುದೇವರು ಸಂಧ್ಯಾಳನ್ನು ಕರೆಯಲು ನನ್ನನ್ನೇ ಕಳಿಸಿದರು. ಬಾಗಿಲು ತೆಗೆದಾಗ ಅವಳ ಮಾತು ಕಿವಿಗೆ ಬಿತ್ತು. ದೊಡ್ಡ ದನಿಯವಳು ಆ ಹೊತ್ತಿನಲ್ಲಿ ಬಹಳ ಮೆಲ್ಲಗೆ ಆಡುತ್ತಿದ್ದಳು.

"ನಿನಗೆ ಕುಂಕುಮ ಇಲ್ಲ ಅಂತ ಊರ ಹೆಂಗಸರ ಕುಂಕುಮದ ಮೇಲೆ ಕಣ್ಣು ಹಾಕ್ದೆ ಕಣೆ."

ಆಡಿದವಳೇ ಮುಖ ಆಚೆ ತಿರುಗಿಸಿದಳು. ಶಶಿಕಲಾ ತೋಳಿನ ಮೇಲಿದ್ದ ಕಂದು ಸ್ವೆಟರನ್ನು ಹಾಕಿಕೊಂಡು, ಬಲಗಡೆಯ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹಾಕಿದಳು. ಪಡಸಾಲೆಯಲ್ಲಿ ಏಸಿ ಇರಲಿಲ್ಲ. ಆಮೇಲೆ ನನ್ನನ್ನು ಕಂಡು, "ಕರೀತಾರೆ ಸಂಧ್ಯಾ, ಹೋಗು" ಎಂದಳು.

ಒಳಗೆ ಆದ ತೀರ್ಮಾನ ಇಷ್ಟು. ಆ ಹಳ್ಳಿಯ ಒಪ್ಪಿಗೆ ಒಪ್ಪಿಗೆಯಲ್ಲ, ಅದನ್ನು ಬಿಡಬೇಕು. ಊರಿಗೆ ನೆಂಟಸ್ತಿಕೆಯಿಲ್ಲದವರು, ತಟ್ಟೆಯಿಲ್ಲದೆ ಹೋಗಿ, ಗಂಡನಿರುವವರನ್ನೂ ಇಲ್ಲದವರನ್ನೂ ಒಂದೇ ಮಾತಿನಲ್ಲಿ ಹೊಸದಾಗಿ ಕೇಳಬೇಕು. ಕೇಳಿದವರಿಗೆ ಮಾರನೆಯ ದಿನದ ತನಕ ಯೋಚಿಸಲು ಬಿಡಬೇಕು. ಗಡುವು ಮುಂದಕ್ಕೆ ಹಾಕಿ ಎಂದು ವಿಶ್ವವಿದ್ಯಾಲಯಕ್ಕೆ ಸಮಿತಿಯೇ ಬರೆಯಬೇಕು. ಆ ಕೋರಿಕೆಯನ್ನು ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದವಳು ಶಶಿಕಲಾ. ಅಲ್ಲಿನ ಗುಮಾಸ್ತರ ಮುಂದೆ ಮಾತ್ರ ಆಕೆ ತನ್ನ ಬಾಲವನ್ನು ಸೇರಿಸಲಿಲ್ಲವಂತೆ.

ಮತ್ತೆ ಕೇಳಲು ಹೋದ ದಿನ ನಾನೂ ಹೋಗಿದ್ದೆ. ಅಮೃತೂರಿನ ಕಡೆಯ ಒಬ್ಬ ದಾದಿ ಅಂಗನವಾಡಿಯ ಅಂಗಳದಲ್ಲಿ ನಿಂತು ಎಲ್ಲವನ್ನೂ ವಿವರಿಸಿದಳು. ಶಶಿಕಲಾ ದೂರದಲ್ಲಿ ಬೇಲಿಯ ಹತ್ತಿರ ನಿಂತಿದ್ದಳು. ಮಾರನೆಯ ದಿನ ದೊಡ್ಡಗಂಗಮ್ಮ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದಳು. ರಂಗಲಕ್ಷ್ಮಮ್ಮನ ಸರದಿ ಬಂದಾಗ ಅವಳು ಎದ್ದು, ಸೆರಗು ಸರಿಮಾಡಿಕೊಂಡು, ಮನೆಯಲ್ಲಿ ಹೇಳಿ ಹೇಳಿ ಅಭ್ಯಾಸ ಮಾಡಿಕೊಂಡು ಬಂದವಳಂತೆ ಅಂಗಳವೆಲ್ಲ ಕೇಳುವ ಹಾಗೆ "ನಂಗ್ ಬ್ಯಾಡ ಕಣವ್ವ" ಎಂದಳು. ಹೆಂಗಸರೆಲ್ಲ ನಕ್ಕರು. ಹೊರಟವಳು ಬೇಲಿಯ ಹತ್ತಿರ ನಿಂತು, ಅಳುಕಿನಿಂದ, "ಬೇಜಾರಿಲ್ಲ ತಾನೆ?" ಎಂದು ಶಶಿಕಲಾಳನ್ನು ಕೇಳಿದಳು.

"ಇಲ್ಲ ಅಕ್ಕ" ಎಂದಳು ಶಶಿಕಲಾ. ಸುತ್ತ ನೋಡದೆ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಗಡುವು ಮುಂದಕ್ಕೆ ಹೋಯಿತು. ಸಂಶೋಧನೆ ಚಿಕ್ಕದಾಯಿತು, ಆದರೆ ಉಳಿಯಿತು. ಮರುವರ್ಷ ಸಂಧ್ಯಾ ಡಾಕ್ಟರ್ ಸಂಧ್ಯಾ ಆದಳು. ಗುಬ್ಬಿಯ ಕಾಲೇಜಿನಲ್ಲಿ ಮೈಸೂರುಪಾಕು ಹಂಚಿದರು. ಗೊಂಬೆಗಳ ಕೋಣೆಗೆ ಅದು ಬರಲಿಲ್ಲ. ಅದರ ಮುಂದಿನ ಬುಧವಾರ ಯಾವುದೋ ಸಭೆಗೆ ನಾನೂ ಅಲ್ಲಿಗೆ ಹೋಗಿ ಕ್ಯಾಂಟೀನಿನಲ್ಲಿ ಕೂತಿದ್ದೆ. ಕಿಟಕಿಯ ಪಕ್ಕದ ಮೇಜಿನಲ್ಲಿ ಸಂಧ್ಯಾ ಒಬ್ಬಳೇ ಡಬ್ಬಿ ಬಿಚ್ಚಿದ್ದಳು. ಶಶಿಕಲಾ ತನ್ನ ಡಬ್ಬಿ ಹಿಡಿದುಕೊಂಡು, ಗೋಡೆಯ ಅಂಚಿನಲ್ಲಿ ನಡೆದು ಬಂದು, ಆ ಮೇಜಿನಿಂದ ಒಂದು ಮಾರು ಈಚೆಗೇ ನಿಂತಳು.

"ಕೂತ್ಕೊಳ್ಳಬಹುದಾ ಸಂಧ್ಯಾ?" ಎಂದು ಕೇಳಿ, ಆ ಗೆಳತಿಗೆ ಎಂದೂ ಹೇಳದಿದ್ದ ಮಾತನ್ನು ಹೇಳಿದಳು: "ಬ್ಯಾಡ ಅಂದ್ರೂ ಬೇಜಾರಿಲ್ಲ."

ಸಂಧ್ಯಾ ತಲೆಯೆತ್ತಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು, ನಾಚಿಕೆಯೂ ಇತ್ತೇನೋ.

"ಬ್ಯಾಡ ಶಶಿ."

"ಆಯ್ತು" ಎಂದಳು ಶಶಿಕಲಾ. ಬಂದ ಗೋಡೆಯ ಅಂಚಿನಲ್ಲೇ ಹಿಂದಿರುಗಿ, ತನ್ನ ಕೋಣೆಗೆ ಹೋಗಿ, ಗೊಂಬೆಯನ್ನು ಎತ್ತಿ ಪಕ್ಕಕ್ಕೆ ಕೂರಿಸಿ, ಡಬ್ಬಿ ಬಿಚ್ಚಿದಳು. ಆಮೇಲೆ ಆ ಮೇಜಿನ ಹತ್ತಿರ ಆಕೆ ಮತ್ತೆ ಹೋಗಲಿಲ್ಲ. ಇನ್ನೊಂದು ಸಲ ಕೇಳಿ ನೋಡಬಾರದೇ ಎಂದು ನಾನು ತಡೆಯಲಾರದೆ ಅಂದೆ. "ಒಂದು ಸಲ ಬ್ಯಾಡ ಅಂದವರನ್ನ ಮತ್ತೆ ಕೇಳೋದು ಒತ್ತಾಯ ಯಜಮಾನ್ರೇ. ನಮ್ಮ ನಿಯಮದಲ್ಲೇ ಇದೆಯಲ್ಲ" ಎಂದಳು. ಆ ಸಾಲನ್ನು ನಿಯಮಕ್ಕೆ ಸೇರಿಸಿದವಳೂ ಆಕೆಯೇ.

ಹೂಂ ಎನ್ನುವವರಿಗೆ ನಮ್ಮಲ್ಲಿ ಊರೆಲ್ಲ ನೆಂಟರು. ಒಲ್ಲೆ ಎನ್ನುವವರಿಗೂ, ಧೈರ್ಯ ಮೆಚ್ಚಿಕೊಂಡು, ಒಬ್ಬರೋ ಇಬ್ಬರೋ ಜೊತೆಯಾಗುತ್ತಾರೆ. ಇನ್ನೊಬ್ಬರು ಒಲ್ಲೆ ಎಂದು ಹೊರಗೆ ಹೋಗಲಿ ಎಂದು ಬಾಗಿಲನ್ನು ತೆರೆದು ಹಿಡಿದು ನಿಂತವರು ಇರುತ್ತಾರಲ್ಲ, ಅವರ ಪಾಡು ಬೇರೆ. ಒಳಗೆ ಉಳಿದವರಿಗೆ ಅವರು ತೆರೆದ ಬಾಗಿಲಿನಿಂದ ನುಗ್ಗುವ ಗಾಳಿ, ಹೊರಗೆ ಹೋದವರಿಗೆ ದಾಟಿಹೋದ ಹೊಸಿಲು. ಎರಡೂ ಕಡೆಯವರಿಗೆ ಮುಖ ನೆನಪಿರುವುದಿಲ್ಲ. ನೀರಗಂಟಿಗೆ ಗದ್ದೆ ಇರಬಾರದೆಂದು ಕಟ್ಟು ಮಾಡಿದ ಹಿರಿಯರು, ಅವನ ಮನೆಯ ಒಲೆಗೆ ಏನು ಎಂಬುದನ್ನೂ ಯೋಚಿಸಿದ್ದರು: ಸುಗ್ಗಿಯಲ್ಲಿ ಪ್ರತಿಯೊಂದು ಕಣದಿಂದಲೂ ಅವನಿಗೆ ಒಂದು ಮೊರ ಭತ್ತ ಹೋಗುತ್ತಿತ್ತು. ಈ ಬಾಗಿಲು ಹಿಡಿದವರಿಗೆ ಯಾವ ಕಣದಿಂದ ಏನು ಹೋಗಬೇಕೆಂದು ನಾವು ಇನ್ನೂ ಕಟ್ಟು ಮಾಡಿಲ್ಲ. ಈ ಬುಧವಾರ ಗುಬ್ಬಿಗೆ ಹೋದಾಗ ನಾನೂ ಒಂದು ಡಬ್ಬಿ ಹುರುಳಿಕಾಳಿನ ಪಲ್ಯ ಮಾಡಿಸಿಕೊಂಡು ಹೋಗಿ ಗೊಂಬೆಗಳ ಕೋಣೆಯ ಬಾಗಿಲಲ್ಲಿ ನಿಂತೆ. ಒಳಗೆ ಬರಲೇ ಎಂದು ಕೇಳಿ, ಬ್ಯಾಡ ಅಂದರೂ ಬೇಜಾರಿಲ್ಲ ಎಂದೆ. ಆಕೆ ಸ್ಟೂಲಿನ ಮೇಲಿದ್ದ ಗೊಂಬೆಯನ್ನು ಎತ್ತಿ ನೆಲಕ್ಕಿಟ್ಟಳು.